ಮಲಪ್ರಭಾ ಜಾರಿ ಬಿದ್ದ ಮೇಲೆ

ಫೆಬ್ರವರಿ 9, 2009, ಸೋಮವಾರ. ಬೆಳಿಗ್ಗೆ 8

ಹಾಲು ಕರೆದು ಮುಗಿಯಿತು. ಹದಿನಾಲ್ಕು ಹಸುಗಳಲ್ಲಿ ಈಗ ಕರೆಯುವುದು ಒಂಬತ್ತು. ಹೊರಗೆ 44 ಡಿಗ್ರಿ ಫ್ಯಾರನ್‌ಹೀಟ್. ಶುಕ್ರವಾರ ಇದೇ ಹೊತ್ತಿಗೆ 3 ಇತ್ತು. ಇವತ್ತು ಹಿಮ ಕರಗಿ ಕೊಟ್ಟಿಗೆಯ ಸೂರಿನಿಂದ ನೀರು ಸುರಿಯುತ್ತಿದೆ. ಅಂಗಳವೆಲ್ಲ ಕೆಸರು. ಬೂಟು ಎತ್ತಲು ಹೋದರೆ ಕಾಲು ಮಾತ್ರ ಬರುತ್ತದೆ.

ಗುರುಶಾಂತಪ್ಪ ಅಂಕಲ್‌ಗೆ ಈ ಬಿಸಿಲಿನ ಮೇಲೆ ನಂಬಿಕೆಯಿಲ್ಲ. ಮೂವತ್ತು ವರ್ಷ ಕಾರ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದವರು. ರಿಟೈರ್ ಆದ ಮೇಲೆ ಲಪೀರ್ ಹತ್ತಿರ ಈ ನಲವತ್ತು ಎಕರೆ ಕೊಂಡರು. ಸುತ್ತಲಿನವರು ಫಾರ್ಮ್ ಅನ್ನುತ್ತಾರೆ, ಅವರಿಗೆ ಇದು ರ‍್ಯಾಂಚ್. ಹಸುಗಳಿಗೆಲ್ಲ ನದಿಗಳ ಹೆಸರು. ಮೊದಲು ಕೊಂಡದ್ದು ಮಲಪ್ರಭಾ, ಅವರ ಊರಿನ ನದಿ. ಅದಕ್ಕೀಗ ತುಂಬು ಗರ್ಭ. ಮಾರ್ಚ್ ಮೊದಲ ವಾರ ಕರು ಹಾಕಬೇಕು.

ನಾನು ವಾರಕ್ಕೆ ಮೂರು ದಿನ ಟ್ರಾಯ್‌ನಿಂದ ಬರುತ್ತೇನೆ, 35 ಮೈಲಿ. ಜನವರಿಯಲ್ಲಿ ಇವರ, ನನ್ನ ಗಂಡನ, ಕೆಲಸ ಹೋದಾಗಿನಿಂದ. ಆಬರ್ನ್ ಹಿಲ್ಸ್‌ನ ಆಫೀಸಿನಿಂದ ಒಂದೇ ಮಧ್ಯಾಹ್ನ ನಲವತ್ತು ಜನರನ್ನು ಮನೆಗೆ ಕಳಿಸಿದರು. ಹೆಬ್ಬಾಳದಲ್ಲಿ ವೆಟರ್ನರಿ ಓದಿ, ಮಂಡ್ಯದ ಹಳ್ಳಿಗಳಲ್ಲಿ ನಾಲ್ಕು ವರ್ಷ ಪಶುವೈದ್ಯೆಯಾಗಿದ್ದವಳು ಇಲ್ಲಿ ಹಾಲು ಕರೆಯುತ್ತೇನೆ, ಸಗಣಿ ಎತ್ತುತ್ತೇನೆ. ಬೇಜಾರಿಲ್ಲ... ಸ್ವಲ್ಪ ಇದೆ. ಇಲ್ಲಿ ಪಶುವೈದ್ಯೆಯಾಗುವ ಲೈಸೆನ್ಸ್‌ಗೆ ಎರಡು ಪರೀಕ್ಷೆ ಮುಗಿದಿವೆ. ಕೊನೆಯದು ಆಗಸ್ಟ್‌ನಲ್ಲಿ.

ಫೆಬ್ರವರಿ 11, ಬುಧವಾರ. ಸಂಜೆ 4

ತಪ್ಪು ಮಾಡಿದೆ.

ಬೆಳಿಗ್ಗೆ 46 ಡಿಗ್ರಿ, ನೀಲಿ ಆಕಾಶ. ಅಂಕಲ್ ಕಣ್ಣಿನ ಡಾಕ್ಟರ ಹತ್ತಿರ ಹೊರಟವರು, ತಾವು ಬರುವವರೆಗೆ ಹಸುಗಳನ್ನು ಹೊರಗೆ ಬಿಡಬೇಡ ಎಂದು ಹೇಳಿಯೇ ಹೋದರು. ಹತ್ತು ದಿನದಿಂದ ಕೊಟ್ಟಿಗೆಯಲ್ಲೇ ಕೂಡಿಹಾಕಿದ ಹಸುಗಳು. ಕಾಲು ಝಾಡಿಸುತ್ತಿದ್ದವು, ಒಂದನ್ನೊಂದು ಹಾಯುತ್ತಿದ್ದವು. ನನಗೆ ಗೊತ್ತಿಲ್ಲವೇ ಹಸುಗಳ ವಿಷಯ, ಅನ್ನಿಸಿತು. ಗೇಟು ತೆಗೆದೆ.

ಒಂದು ಗಂಟೆಯೊಳಗೆ ಗಾಳಿ ತಿರುಗಿತು. ಮಳೆ, ಮಳೆಯ ಹಿಂದೆಯೇ 24 ಡಿಗ್ರಿ. ನೆಲವೆಲ್ಲ ಗಾಜು. ಒಳಗೆ ಹೊಡೆದುಕೊಂಡು ಬರುವಾಗ ಇಳಿಜಾರಿನಲ್ಲಿ ಮಲಪ್ರಭಾ ಜಾರಿತು. ಪಕ್ಕಕ್ಕೆ ಬಿತ್ತು, ಅಷ್ಟು ಭಾರದ ಹೊಟ್ಟೆ ನೆಲಕ್ಕೆ ಅಪ್ಪಳಿಸಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ತಾನೇ ಎದ್ದು ನಿಂತಿತು. ನಡೆಸಿ ನೋಡಿದೆ, ಕುಂಟಲಿಲ್ಲ. ಹುಲ್ಲು ತಿಂದಿತು.

ಮೂರು ಗಂಟೆಗೆ ಅಂಕಲ್ ಬಂದು ಹೇಗಿವೆ ಎಂದು ಕೇಳಿದರು. ಎಲ್ಲ ಸರಿ ಇವೆ ಎಂದೆ.

ಫೆಬ್ರವರಿ 20, ಶುಕ್ರವಾರ

ಮಲಪ್ರಭಾ ಚೆನ್ನಾಗಿ ಮೇಯುತ್ತಿದೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ಕರು ಒದೆಯುವುದು ತಿಳಿಯುತ್ತದೆ. ಇವರಿಗೂ ಹೇಳಿಲ್ಲ. ಹೇಳುವಂಥದ್ದೇನೂ ಆಗಿಲ್ಲವಲ್ಲ.

ಮಾರ್ಚ್ 6, ಶುಕ್ರವಾರ. ಬೆಳಿಗ್ಗೆ 10.05

ಕೊಟ್ಟಿಗೆಯಲ್ಲೇ ಕುಳಿತು ಬರೆಯುತ್ತಿದ್ದೇನೆ.

ನಿನ್ನೆ 58 ಡಿಗ್ರಿ. ನಮ್ಮ ಬಡಾವಣೆಯಲ್ಲಿ ಮಕ್ಕಳು ಟೀ ಶರ್ಟಿನಲ್ಲಿ ಸೈಕಲ್ ಹೊಡೆಯುತ್ತಿದ್ದರು. ಇವತ್ತು ನಸುಕಿನಿಂದ ಐಸ್ ಮಳೆ. ಬಿದ್ದ ಹನಿ ಬಿದ್ದಲ್ಲೇ ಗಟ್ಟಿ. ಇಂಥದ್ದರಲ್ಲಿ ಒಬ್ಬಳೇ ಡ್ರೈವ್ ಮಾಡಬೇಡ ಎಂದು ಇವರೇ ಕರೆತಂದರು. ನಾವು ಬಂದ ಹತ್ತು ನಿಮಿಷಕ್ಕೆ ಹಿಂದೆ ರಸ್ತೆಗೆ ಅಡ್ಡಲಾಗಿ ಮರ ಬಿತ್ತು. ಎಂಟಕ್ಕೆ ಕರೆಂಟ್ ಹೋಯಿತು. ಹೊರಗೆ ಕೊಂಬೆ ಮುರಿಯುವ ಸದ್ದು, ಪಟಾಕಿ ಹೊಡೆದ ಹಾಗೆ.

ಮಲಪ್ರಭಾ ಆರು ಗಂಟೆಯಿಂದ ಏಳುತ್ತದೆ, ಮಲಗುತ್ತದೆ. ಬಾಲ ಎತ್ತಿದೆ. ನೀರು ಒಡೆದಿಲ್ಲ. 9.20ಕ್ಕೆ ಕೈ ಹಾಕಿ ನೋಡಿದೆ. ಕರು ಬರುವ ದಾರಿ ತಿರುಚಿಕೊಂಡಿದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಗರ್ಭಕೋಶವೇ ಬಲಕ್ಕೆ ಹೊರಳಿಬಿಟ್ಟಿದೆ. ಆ ಸಂದಿಯಲ್ಲಿ ಎರಡು ಬೆರಳು ಹೋಯಿತು. ಗೊರಸು ಸಿಕ್ಕಿತು. ಹಿಸುಕಿದೆ. ಅದು ಕಾಲು ಹಿಂದಕ್ಕೆ ಎಳೆದುಕೊಂಡಿತು.

ಜೀವ ಇದೆ.

ಡಾ. ನೊವಾಕ್‌ಗೆ ಫೋನ್ ಮಾಡಿದೆ. ಈ ಕಡೆಯ ದನಗಳಿಗೆಲ್ಲ ಅವರೇ ಪಶುವೈದ್ಯೆ. ಇಮ್ಲೇ ಸಿಟಿಯ ಆಚೆ ಸಿಕ್ಕಿಕೊಂಡಿದ್ದಾರೆ, ಎರಡು ಗಂಟೆ ಬೇಕಂತೆ. ಬಂದರೆ ಹೊಟ್ಟೆ ಕೊಯ್ದು ಕರು ತೆಗೆಯುತ್ತಾರೆ. ಕೊಯ್ಯದೆಯೂ ಬಿಡಿಸಬಹುದು, ಹಸುವನ್ನು ಹೊರಳಿಸಿ. ಮಂಡ್ಯದಲ್ಲಿ ಎಮ್ಮೆಗಳಿಗೆ ಹನ್ನೊಂದು ಸಲ ಮಾಡಿದ್ದೇನೆ. ಅವರಿಗೂ ಅದನ್ನೇ ಹೇಳಿದೆ. ನಿನ್ನ ಬಳಿ ಲೈಸೆನ್ಸ್ ಇಲ್ಲ, ಮಾಡು ಎಂದು ನಾನು ಹೇಳಲಾರೆ, ಅಂದರು.

ಯಾರಾದರೂ ಒಂದು ದೂರು ಬರೆದರೆ ಸಾಕು, ಆಗಸ್ಟ್ ಪರೀಕ್ಷೆ ಕೈತಪ್ಪಿತು. ಇವರ ಕೆಲಸವಿಲ್ಲ. ನನಗೆ ಉಳಿದಿರುವುದು ಅದೊಂದೇ.

ಕಾಯುತ್ತೇನೆ. ಇವರು ಲಾಟೀನು ಹಿಡಿದು ನಿಂತಿದ್ದಾರೆ. ನನ್ನ ಮುಖ ನೋಡುತ್ತಾರೆ.

10.50

ನೊವಾಕ್ ಫೋನ್. ಇನ್ನೊಂದು ಮರ ಬಿದ್ದಿದೆ. ಬರುವುದು ಮಧ್ಯಾಹ್ನ ಒಂದಕ್ಕಾಗಬಹುದು, ಇನ್ನೂ ತಡವೂ ಆಗಬಹುದು. ಮಲಪ್ರಭಾ ಹಲ್ಲು ಕಡಿಯುತ್ತಿದೆ. ಈಗ ಏಳುವುದನ್ನೂ ಬಿಟ್ಟಿದೆ.

ಅಂಕಲ್‌ಗೆ ಹೇಳುತ್ತೇನೆ.

ಮಾರ್ಚ್ 7, ಶನಿವಾರ. ಮಧ್ಯಾಹ್ನ

ಮೈಯೆಲ್ಲ ನೋವು. ಅಂಗೈ ಹಗ್ಗಕ್ಕೆ ಸುಲಿದಿದೆ. ಆದರೂ ಬರೆದಿಡಬೇಕು.

ನಿನ್ನೆ ಅಂಕಲ್ ಹಸುವಿನ ತಲೆಯ ಹತ್ತಿರ ಕುಳಿತಿದ್ದರು. ಅವರ ಹೆಂಡತಿ ರುದ್ರಮ್ಮ ಆಂಟಿ ಬಿಸಿನೀರಿನ ಬಕೆಟ್ ತಂದಿಟ್ಟು ಅಲ್ಲೇ ನಿಂತಿದ್ದರು. ಎಲ್ಲರ ಮುಂದೆಯೇ ಹೇಳಿದೆ. ಗೇಟು ತೆಗೆದದ್ದು, ಅದು ಬಿದ್ದದ್ದು, ನಾನು ಮುಚ್ಚಿಟ್ಟದ್ದು. ಆ ಏಟಿಗೇ ಹೀಗಾಗಿರಬಹುದು ಎಂದೆ.

ಅಂಕಲ್ ಹಸುವಿನ ಕಿವಿ ಸವರುತ್ತ ಕೇಳಿದರು.

“ಅವತ್ತ ಯಾಕ ಹೇಳಲಿಲ್ಲ?”

“ಹೆದರಿಕೆ ಆಯ್ತು, ಅಂಕಲ್.”

“ಅದನ್ನ ಆಮ್ಯಾಲ ನೋಡೂಣು. ಈಗ ಏನ್ ಮಾಡೂದು, ಅದನ್ ಹೇಳ.”

ಹೇಳಿದೆ. ಬಲ ಮಗ್ಗುಲಿಗೆ ಮಲಗಿಸಬೇಕು. ಹೊಟ್ಟೆಯ ಮೇಲೆ ಉದ್ದನೆಯ ಹಲಗೆ, ಹಲಗೆಯ ಮೇಲೆ ಒಬ್ಬರು. ಒಳಗಿನ ಗರ್ಭಕೋಶ ಅಲುಗದಂತೆ ಒತ್ತಿ ಹಿಡಿದು, ಹಸುವನ್ನೇ ಅದರ ಸುತ್ತ ಒಮ್ಮೆಲೇ ಹೊರಳಿಸಬೇಕು. ಕಾಲುಗಳಿಗೆ ಹಗ್ಗ ಕಟ್ಟಿ ಎಳೆಯಲು ಮೂವರಾದರೂ ಬೇಕು.

“ಹಲಗಿ ಮ್ಯಾಲ ನಾ ನಿಲ್ತೀನಿ,” ಎಂದರು ಆಂಟಿ. “ನೀವು ಮೂರೂ ಮಂದಿ ಹಗ್ಗ ಹಿಡೀರಿ.” ಅರವತ್ತಮೂರು ವರ್ಷ. ಮಂಡಿ ಆಪರೇಷನ್ ಆಗಿದೆ. ಕೋಟು ಬಿಚ್ಚಿಟ್ಟು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಂಬ ಹಿಡಿದು ಹತ್ತಿಯೇಬಿಟ್ಟರು.

ಇವರು ಹಸುವನ್ನು ಮುಟ್ಟಿದವರೇ ಅಲ್ಲ. ನಿನ್ನೆ ಹಿಂಗಾಲಿನ ಹಗ್ಗ ಹಿಡಿದರು. ಮೊದಲ ಸಲ ಹಗ್ಗ ಜಾರಿ ಇವರು ಸಗಣಿಯಲ್ಲಿ ಬಿದ್ದರು. ಎರಡನೆಯ ಸಲ ಹೊರಳಿತು, ಕೈ ಹಾಕಿ ನೋಡಿದರೆ ತಿರುಚು ಹಾಗೇ ಇದೆ. ಇವರು ಮತ್ತೆ ಹಗ್ಗ ಸುತ್ತಿಕೊಂಡರು. ಮೂರನೆಯ ಸಲ ಒಳಗಿನಿಂದ ಬೆಚ್ಚಗಿನ ನೀರು ನುಗ್ಗಿ ನನ್ನ ತೋಳೆಲ್ಲ ನೆನೆಯಿತು. ಕೈ ಮೊಣಕೈವರೆಗೆ ಸಲೀಸಾಗಿ ಹೋಯಿತು. ದಾರಿ ಬಿಟ್ಟಿತ್ತು.

ಗೊರಸು ಸಿಕ್ಕಿತು. ಹಿಸುಕಿದೆ. ಅಲುಗಲಿಲ್ಲ.

11.40ಕ್ಕೆ ಹೊರಗೆ ಎಳೆದೆವು. ಹೆಣ್ಣು ಕರು. ಮೂಗು ಒರೆಸಿದೆ, ಎದೆ ತಿಕ್ಕಿದೆ, ಹುಲ್ಲುಕಡ್ಡಿಯಿಂದ ಮೂಗಿನೊಳಗೆ ಕೆರಳಿಸಿದೆ. ಸಾಕು ಎಂದು ಅಂಕಲ್ ಎರಡು ಸಲ ಹೇಳಿದ ಮೇಲೆ ಬಿಟ್ಟೆ.

9.20ಕ್ಕೆ ಕಾಲು ಎಳೆದುಕೊಂಡಿತ್ತು. 9.20ಕ್ಕೇ ಹೊರಳಿಸಿದ್ದರೆ...

ಮಲಪ್ರಭಾ ಒಂದು ಗಂಟೆಗೆ ಎದ್ದು ನಿಂತು ನೀರು ಕುಡಿಯಿತು. ಸತ್ತ ಕರುವನ್ನು, ಅದರ ಮೈ ಒಣಗಿದ ಮೇಲೂ, ನೆಕ್ಕುತ್ತಲೇ ಇತ್ತು.

ನೊವಾಕ್ ಬಂದದ್ದು ಎರಡಕ್ಕೆ. ಪರೀಕ್ಷೆ ಮಾಡಿ, ಇದನ್ನು ಬಿಡಿಸಿದವರು ಯಾರು ಎಂದು ಕೇಳಿದರು. ಅಂಕಲ್ ನನಗಿಂತ ಮೊದಲೇ ತಾವೇ ಮಾಡಿದ್ದು ಎಂದುಬಿಟ್ಟರು. ತಮ್ಮ ಹಸು, ತಮ್ಮ ಕೈ. ನೊವಾಕ್ ಮೊದಲು ಅಂಕಲ್‌ನ ಅಂಗೈ ನೋಡಿದರು, ನನ್ನ ಅಂಗೈ ನೋಡಿದರು. ಅವರಲ್ಲ, ನಾನೇ ಮಾಡಿದ್ದು ಎಂದೆ. ಇನ್ನು ಒಂದು ಸುಳ್ಳನ್ನೂ ಹೊರಲು ನನ್ನಿಂದಾಗುತ್ತಿರಲಿಲ್ಲ.

ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡು ಹೊರಟರು. ಅಂಕಲ್ ಕರುವನ್ನು ಹೂಳಲು ಜಾಗ ನೋಡಲು ಹೋದರು. ನಾವು ಹೊರಡುವಾಗಲೂ ಅವರ ಬೆನ್ನಷ್ಟೇ ಕಂಡದ್ದು.

ಮಾರ್ಚ್ 18, ಬುಧವಾರ

ಹನ್ನೆರಡು ದಿನ. ಅಂಕಲ್ ಕರೆದಿಲ್ಲ. ಸ್ವಲ್ಪ ದಿನ ಬರುವುದು ಬೇಡ ಎಂದು ಆಂಟಿಯ ಫೋನ್ ಬಂದಿತ್ತು, ಅಷ್ಟೇ. ಮೇಲ್‌ಬಾಕ್ಸ್ ತೆಗೆಯುವಾಗಲೆಲ್ಲ ಲೈಸೆನ್ಸಿಂಗ್ ಆಫೀಸಿನ ಕವರ್ ಇರಬಹುದು ಎಂದು ಮೊದಲು ಅದನ್ನೇ ಹುಡುಕುತ್ತೇನೆ. ಇವರು ದೂರದ ವುಡ್‌ರಿಡ್ಜ್‌ನ ಕಂಪನಿಗೆ ಅಪ್ಲೈ ಮಾಡಿದ್ದಾರೆ. ಸಿಕ್ಕರೆ ಮನೆ ಬಿಟ್ಟು ಹೋಗಬೇಕು. ಹೋದರೇ ಒಳ್ಳೆಯದು ಅನ್ನಿಸುತ್ತದೆ. ಸಂಜೆಗೆ ಅನ್ನಿಸುವುದಿಲ್ಲ.

ಮಾರ್ಚ್ 23, ಸೋಮವಾರ

ನೊವಾಕ್ ಫೋನ್.

ದೂರು ಬರೆಯಲು ಎರಡು ಸಲ ಕುಳಿತಿದ್ದರಂತೆ. ಬರೆಯಲಿಲ್ಲವಂತೆ. ಆದರೆ ಇನ್ನೊಮ್ಮೆ ಒಬ್ಬಳೇ ಕೈ ಹಾಕಿದರೆ ಖಂಡಿತ ಬರೆಯುತ್ತೇನೆ ಎಂದರು. ಹೇಳಿದ್ದರಲ್ಲಿ ನಗುವಿರಲಿಲ್ಲ. ತಮ್ಮ ಪಕ್ಕದಲ್ಲಿ, ತಮ್ಮ ಕಣ್ಣೆದುರು ಅಸಿಸ್ಟೆಂಟ್ ಆಗಿ ನಿಲ್ಲುವುದಾದರೆ ಬೇರೆ ಮಾತು. ಮೂರು ಸಲ ಹೊರಳಿಸಿದಿರಾ, ಹಲಗೆ ಎಷ್ಟು ಅಗಲ ಎಂದು ಕೇಳಿದರು.

ಆ ಬಿದ್ದದ್ದರಿಂದಲೇ ಹಾಗಾಯಿತೇ ಎಂದು ಕೇಳಿದೆ. ಯಾರೂ ಹೇಳಲಾರರು ಎಂದರು. ಹೌದೆಂದಿದ್ದರೂ ತಡೆದುಕೊಳ್ಳುತ್ತಿದ್ದೆನೇನೋ. ಇದಕ್ಕೆ ಏನು ಮಾಡಲಿ...

ಮಾರ್ಚ್ 29, ಭಾನುವಾರ. ಮಧ್ಯಾಹ್ನ 1.40

ನಿನ್ನೆ ಬಿಸಿಲು, ಈಗ ಹಿಮ. ಎದುರು ಮನೆ ಕಾಣಿಸುತ್ತಿಲ್ಲ.

ಈಗಷ್ಟೇ ಅಂಕಲ್ ಫೋನ್. ಇನ್ನೊಂದು ಹಸು ಘಟಪ್ರಭಾ, ಕರು ಹಾಕಲಾಗದೆ ಬೆಳಗಿನಿಂದ ಒದ್ದಾಡುತ್ತಿದೆ. ನೊವಾಕ್ ಹೊರಟಿದ್ದಾರಂತೆ, ಇನ್ನು ನಲವತ್ತು ನಿಮಿಷ. ಅವರು ಬರುತ್ತಾರಲ್ಲ, ನಾನು ಬರಬಹುದೇ ಎಂದು ಕೇಳಿದೆ.

“ಆಕಿಗೆ ಫೋನ್ ಮಾಡೂಕಿಂತ ಮೊದಲ ನಿನಗ ಮಾಡಬೇಕಿತ್ತು,” ಎಂದರು. “ಕರು ಸತ್ತದ್ದಕ್ಕ ನನಗ ಇನ್ನೂ ಸಿಟ್ಟ ಐತಿ. ಬಾ.”

ಇವರು ಆಗಲೇ ಹೊರಗೆ ಕಾರಿನ ಗಾಜಿನ ಐಸ್ ಕೆರೆಯುತ್ತಿದ್ದಾರೆ. ಹೈವೇ ತೆರೆದಿದೆಯೋ ಇಲ್ಲವೋ ನೋಡಿಲ್ಲ. ಬೂಟು ಹಾಕಿಯಾಯಿತು. ಉದ್ದನೆಯ ಗ್ಲೌಸ್ ಗರಾಜಿನಲ್ಲಿ, ಅಥವಾ... ಹಾರ್ನ್ ಹೊಡೆಯುತ್ತಿದ್ದಾರೆ, ಇನ್ನು