ಎಷ್ಟಾದರೂ ಹೊರಗಿನದು

ಅತ್ತೆಯವರಿಗೆ ಸೊಸೆಯ ನಮಸ್ಕಾರ.

ನಿಮಗೆ ಹಾಕಿದ ಹೊಸ ಮಂಡಿಯಲ್ಲಿ ಕೀವು ತುಂಬಿದೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಎಷ್ಟಾದ್ರೂ ಅದು ಹೊರಗಿನದು ನೋಡಮ್ಮ. ಬ್ಯಾಕ್ಟೀರಿಯಾ ಅದಕ್ಕೇ ಅಂಟ್ಕೊಂಡಿದೆ, ಔಷಧಿಗೆ ಜಗ್ತಿಲ್ಲ. ತೆಗೆದ್ರೇನೇ ವಾಸಿಯಾಗೋದು” ಎಂದರು. ನನಗೆ ನಗು ಬಂತು. ಮದುವೆಯಾದಂದಿನಿಂದ ನೀವು ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಿದ್ದುದೂ ಅದನ್ನೇ: “ಎಷ್ಟಾದ್ರೂ ಹೊರಗಿನವಳು.”

ಮಂಡಿ ತೆಗೆದ ಮೇಲೆ ಕಾಲೂರಿ ನಿಲ್ಲುವಂತಿಲ್ಲವಂತೆ. ಬೆಡ್‌ಪ್ಯಾನ್ ತೊಳೆದು ಮನೆಯಲ್ಲಿ ನಿಮ್ಮ ಮಂಚದ ಕೆಳಗಿಟ್ಟಿದ್ದೇನೆ. ಹಿಡಿಯಲು ನಿಮ್ಮ ಸ್ವಂತ ಮಗಳನ್ನು ಕರೆಸಿಕೊಳ್ಳಿ. ನಾನೇ ಫೋನ್ ಮಾಡಿದ್ದೆ, “ನೀವಿದ್ದೀರಲ್ಲ ಅತ್ತಿಗೆ, ನನಗ್ಯಾಕೆ ಚಿಂತೆ?” ಎಂದಳು.

ನಾಳೆ ಬೆಳಿಗ್ಗೆ ನಿಮ್ಮ ಆಪರೇಷನ್. ನನ್ನ ಬಸ್ಸೂ ನಾಳೆ ಬೆಳಿಗ್ಗೆಯೇ. ಹೊರಗಿನದೆಲ್ಲ ಒಟ್ಟಿಗೇ ಹೋಗಲಿ, ನಿಮಗೆ ವಾಸಿಯಾಗಲಿ.

ಇಂತಿ,
ಹೊರಗಿನವಳು