ಎಲ್ಲರ ಲೇಪಾಲ್

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಬಲಭುಜದ ನೋವು ಹೇಗಿದೆ? ಭಾರ ಎತ್ತಬೇಡವೆಂದು ಅತ್ತಿಗೆ ಹೇಳಿದರೆ ಕೇಳುವ ಜಾತಿಯಲ್ಲ ನೀನು, ಆದರೂ ಕೇಳು. ಇಲ್ಲಿ ಅಪ್ಪನಿಗೆ ಕೆಮ್ಮು ಬಿಟ್ಟಿಲ್ಲ. ಊಟ ಅರ್ಧಕ್ಕಿಳಿದಿದೆ, ಬೈಗುಳ ಮಾತ್ರ ಪೂರ್ತಿ ಇದೆ.

ಕೇಸು ಸೋತೆವು. ಅಪ್ಪ ಹಿತ್ತಲ ಶೆಡ್ಡಿನಲ್ಲಿ ಕಲಸಿ, ತಾನೇ ಹೆಸರು ಹುಟ್ಟಿಸಿದ ಲೇಪಾಲ್ ಇನ್ನು ನಮ್ಮೊಬ್ಬರದಲ್ಲ. ಕೊಳವೆಯ ಸಂದಿಗೆ ಹಚ್ಚುವ ಯಾವ ಅಂಟನ್ನೂ ಜನ ಲೇಪಾಲ್ ಎಂದೇ ಕರೆಯುವುದರಿಂದ ಅದು ಸಾಮಾನ್ಯ ಪದವಾಯಿತಂತೆ, ಟ್ರೇಡ್‌ಮಾರ್ಕ್ ರದ್ದು. ಡಬ್ಬದ ಮೇಲೆ ನಾನೇ ಬರೆದಿದ್ದ ‘ಕೊಳವೆ ಅತ್ತರೆ ಲೇಪಾಲಿಸಿ, ನಲ್ಲಿ ಕಿತ್ತರೆ ಲೇಪಾಲಿಸಿ’ ಎಂಬುದನ್ನು ಎದುರು ವಕೀಲ ನನ್ನಿಂದಲೇ ಗಟ್ಟಿಯಾಗಿ ಓದಿಸಿದ. “ಹೆಸರನ್ನ ಕ್ರಿಯಾಪದ ಮಾಡ್ದೋರು ನೀವೇ ಅಲ್ವಾ ಸ್ವಾಮಿ?” ಅಂದ. ನನ್ನ ಪ್ರಾಸಕ್ಕೆ ಜೀವನದಲ್ಲಿ ಸಿಕ್ಕ ಒಂದೇ ವಿಮರ್ಶೆ ಅದು. ಅಪ್ಪನೂ ಯಾರನ್ನೂ ತಿದ್ದಿದವರಲ್ಲ. ಬೇರೆಯವರ ಡಬ್ಬ ತೋರಿಸಿ ಲೇಪಾಲ್ ಕೇಳಿದರೂ “ಅನ್ನಲಿ ಬಿಡೋ, ಬಾಯಲ್ಲಿದ್ರೆ ಬ್ಯಾಂಕಲ್ಲಿದ್ದ ಹಾಗೆ” ಅನ್ನುತ್ತಿದ್ದರಲ್ಲ. ಬ್ಯಾಂಕೇ ಮುಳುಗಿತು.

ತೀರ್ಪಿನ ಮರುತಿಂಗಳೇ ಅಂಗಡಿಗಳಲ್ಲಿ ನಮ್ಮದೂ ಸೇರಿ ಆರು ಥರದ ಲೇಪಾಲ್ ಆದವು. ಹತ್ತು ದಿನದ ಹಿಂದೆ ಹಳೇ ಬಸ್‌ನಿಲ್ದಾಣದ ಹಿಂದಿನ ದರ್ಜಿಯ ಮನೆಯಲ್ಲಿ ಗ್ಯಾಸ್ ಕೊಳವೆಯ ಸಂದು ಬಿಟ್ಟಿತು. ಅವನ ಹೆಂಡತಿ, ತಾಯಿ ಇಬ್ಬರೂ ಸುಟ್ಟುಹೋದರು. ಮೂರನೇ ದಿನ ಅವನು ನಮ್ಮ ಬಾಗಿಲಿಗೆ ಬಂದ. ಕೂಗಾಡಿದ್ದರೆ ಚೆನ್ನಾಗಿತ್ತು. “ಲೇಪಾಲೇ ಹಚ್ಸಿದ್ದೆ ಯಜಮಾನ್ರೇ, ನಂಬಿ ಹಚ್ಸಿದ್ದೆ” ಅಂದ, ಅಷ್ಟೆ. ಅಪ್ಪ ಅವನ ಕೈ ಹಿಡಿದುಕೊಂಡು, “ನಮ್ದಲ್ಲಪ್ಪ ಅದು, ನಮ್ದು ಬಿಡಲ್ಲ” ಎಂದು ಆಣೆ ಇಟ್ಟರು. ಪೊಲೀಸರು ವಿಚಾರಣೆಗೆ ಆರೂ ಕಡೆಯವರನ್ನು ಠಾಣೆಗೆ ಕರೆಸಿದ್ದರು. ದರ್ಜಿಯ ಮನೆಯಲ್ಲಿ ಸಿಕ್ಕ ಡಬ್ಬದ ಲೇಬಲ್ಲು ಸುಟ್ಟಿತ್ತು, ಎಲ್ಲರೂ ನಮ್ಮದಲ್ಲವೆಂದೆವು. ಸಾಹೇಬರು ಪೆನ್ನು ಮೇಜಿಗೆ ಎಸೆದು, “ಹೆಸರು ಎಲ್ಲರದ್ದು ಅಂದ್ಮೇಲೆ ನಾನು ಯಾರನ್ನ ಹಿಡೀಲಿ?” ಅಂದರು. ಫೈಲು ಮುಚ್ಚುತ್ತಾರಂತೆ. ಹೊರಗೆ ನಮ್ಮ ವಕೀಲರು, “ಸೋತ ಕೇಸೇ ನಿಮ್ಮನ್ನ ಕಾಯ್ತು ನೋಡಿ” ಎಂದು ನಕ್ಕರು. ನಾನೂ ನಕ್ಕೆ.

ಅತ್ತಿಗೆಗೆ ನಮಸ್ಕಾರ ಹೇಳು. ಮಗಳು ಚೆನ್ನಾಗಿ ಓದಲಿ, ಕವನ ಗಿವನ ಬರೆಯದಿರಲಿ ಎಂದು ಚಿಕ್ಕಪ್ಪನ ಹಾರೈಕೆ.

ನಿನ್ನ ತಮ್ಮ,
ಪ್ರಾಸದ ಪೀಡೆ

ಮರೆತ ಮಾತು: ಮರೆತಿರಲಿಲ್ಲ, ಬರೆಯಲಾಗಲಿಲ್ಲ. ವಿಚಾರಣೆಯಲ್ಲಿ ಆ ಡಬ್ಬದ ಮುಚ್ಚಳವನ್ನು ನನ್ನ ಕೈಗೆ ಕೊಟ್ಟರು. ಒಳಬದಿಯಲ್ಲಿ ಮೊಳೆಯಿಂದ ಗೀಚಿದ ಮೂರು ಗೆರೆ ಇತ್ತು. ಯಾವ ಬ್ಯಾಚೆಂದು ತಿಳಿಯಲು ನಾವು ಹಾಕುವ ಗುರುತು, ಅಪ್ಪ, ನೀನು, ನಾನು ಬಿಟ್ಟರೆ ಯಾರಿಗೂ ಗೊತ್ತಿಲ್ಲದ್ದು. ಮೂರನೇ ಬ್ಯಾಚು ತುಂಬಿಸಿದವನು ನಾನು. ಕೊಳವೆಗೆ ಹಚ್ಚಿ, ಒಂದು ದಿನ ಪೂರ್ತಿ ಗಾಳಿ ಒತ್ತಿ ನೋಡದೆ ಡಬ್ಬ ಮುಚ್ಚಬಾರದೆಂಬುದು ಅಪ್ಪನ ಕಟ್ಟಪ್ಪಣೆ. ಮಿಕ್ಕ ಐದು ಕಡೆಯವರು ಮೊದಲು ಅಂಗಡಿ ಮುಟ್ಟುತ್ತಾರೆಂದು ನಾನು ಕಾಯಲಿಲ್ಲ. ನಮ್ಮದಲ್ಲವೆಂದು ಸಹಿ ಹಾಕಿ ಬಂದೆ. ಅಪ್ಪ ಇಟ್ಟ ಆಣೆ ಸುಳ್ಳೆಂದು ಅಪ್ಪನಿಗೆ ಗೊತ್ತಿಲ್ಲ. ಅದೇ ಬ್ಯಾಚಿನ ಡಬ್ಬಗಳು ಇನ್ನೂ ಯಾರ್ಯಾರ ಅಡುಗೆಮನೆ ಸೇರಿವೆಯೋ. ನಾಳೆ ಬೆಳಿಗ್ಗೆ ಠಾಣೆಗೆ ಹೋಗಿ ಹೇಳುತ್ತೇನೆ. ಈ ಕಾಗದ ಸಿಗುವಷ್ಟರಲ್ಲಿ ಹೇಳಿ ಆಗಿರುತ್ತದೆ. ನನ್ನನ್ನು ನೋಡಲು ಓಡಿ ಬರಬೇಡ, ಮೊದಲು ಅಪ್ಪನ ಹತ್ತಿರ ಹೋಗು.