ಕುಶಲನ ಬಯೋಡಾಟಾದಲ್ಲಿ ನಾನು ಬರೆದ ಕ್ರಿಯಾಪದ

ಮಾನ್ಯ ತನಿಖಾಧಿಕಾರಿಗಳೇ,

ತುರ್ಭೆಯ ಶೀತಲ ಗೋದಾಮಿನಲ್ಲಿ ಚೆನ್ನಯ ಎಂಬ ಲೋಡರ್ ಸತ್ತದ್ದಕ್ಕೆ ಹೊಣೆ ಯಾರೆಂದು ತಾವು ಕಂಡುಹಿಡಿದಿದ್ದೀರಿ. ಅವನ ಜೊತೆಯಲ್ಲೇ ಮಾಲು ಹೊರುತ್ತಿದ್ದ ಕುಶಲ ಹೊಣೆಯಂತೆ. ತಮ್ಮ ವರದಿಯ ಹನ್ನೊಂದನೇ ಕಂಡಿಕೆಯಲ್ಲಿ ಅದಕ್ಕಿರುವ ಪುರಾವೆ ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ. ಕುಶಲ ಆ ತಂಡವನ್ನು ‘ಸೂಪರ್‌ವೈಸ್’ ಮಾಡುತ್ತಿದ್ದನೆಂದು ಅವನ ಬಯೋಡಾಟಾದಲ್ಲೇ ಇದೆ, ಕೆಳಗೆ ಅವನದೇ ಸಹಿ ಇದೆ ಎಂದು ಬರೆದಿದ್ದೀರಿ. ಸಹಿ ಅವನದು ಹೌದು. ಕ್ರಿಯಾಪದ ನನ್ನದು.

ಇಷ್ಟನ್ನೇ ಮರಾಠಿಯಲ್ಲಿ ಬರೆದು ತಮ್ಮ ಕಚೇರಿಗೆ ಕೊಟ್ಟು ಮೂರು ವಾರವಾಯಿತು. ಮೊಹರು ಬಿತ್ತು, ಉತ್ತರ ಬರಲಿಲ್ಲ. ಹಾಗಾಗಿ ಈಗ ನಮ್ಮವರು ಓದುವ ಪತ್ರಿಕೆಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ಚೆನ್ನಯನ ಹೆಂಡತಿ ಓದಲಿ. ಇನ್ನು ಇಂಗ್ಲಿಷಿನಲ್ಲಿ ಬರೆಯೋಣವೆಂದರೆ, ಆ ಭಾಷೆಯನ್ನು ಮುಟ್ಟಲು ಈಚೆಗೆ ನನಗೆ ಕೈ ಬರುತ್ತಿಲ್ಲ.

ನಾನು ಡೊಂಬಿವಲಿ ಪೂರ್ವದಲ್ಲಿ ಮೂವತ್ತೆರಡು ವರ್ಷಗಳಿಂದ ಟೈಪಿಂಗ್ ಅಂಗಡಿ ನಡೆಸುತ್ತಿರುವವನು. ಮೊದಲು ಟೈಪಿಂಗ್ ಕಲಿಸುತ್ತಿದ್ದೆ; ಅದನ್ನು ಕಲಿಯುವವರು ಇಲ್ಲವಾದ ಮೇಲೆ ಬಯೋಡಾಟಾ ಮಾಡಿಕೊಡಲು ಶುರುಮಾಡಿದೆ. ದಿವಾದಿಂದ, ಶಹಾಡ್‌ನಿಂದ, ಕಲ್ಯಾಣದಿಂದ ಕನ್ನಡದವರು ಹುಡುಕಿಕೊಂಡು ಬರುತ್ತಿದ್ದರು. ಎಂಟು ಜನರ ಜೊತೆ ಮಾಲು ಹೊರುತ್ತೇನೆ ಎಂದು ಒಬ್ಬ ಹೇಳಿದರೆ, ಎಂಟು ಜನರ ತಂಡವನ್ನು ಸೂಪರ್‌ವೈಸ್ ಮಾಡಿದ್ದಾನೆ ಎಂದು ನಾನು ಬರೆಯುತ್ತಿದ್ದೆ. ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವನು ನನ್ನ ಅಂಗಡಿಯ ಮೆಟ್ಟಿಲಿಳಿಯುವಾಗ ಇಡೀ ಅಡುಗೆಮನೆಯನ್ನು ಸೂಪರ್‌ವೈಸ್ ಮಾಡಿದವನಾಗಿರುತ್ತಿದ್ದ. ಅದು ಸುಳ್ಳೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಇಸ್ತ್ರಿ ಹಾಕಿದ ಹಾಗೆ ಅಂದುಕೊಂಡಿದ್ದೆ: ಅಂಗಿ ಅದೇ, ಸುಕ್ಕು ಹೋಗಿರುತ್ತದೆ. ಸುತ್ತಲಿನ ಬಯೋಡಾಟಾ ಅಂಗಡಿಗಳಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ, ಕಂಪನಿಯವರಿಗೂ ಇದು ಗೊತ್ತು, ಯಾರೂ ಅದನ್ನು ನಂಬುವುದಿಲ್ಲ. ತಾವೊಬ್ಬರು ನಂಬಿದಿರಿ.

ನಂಬಿದ ಮೇಲೆ ಆ ಪದದ ಅರ್ಥವನ್ನಾದರೂ ಪೂರ್ತಿ ನೋಡಬೇಕಿತ್ತು. ಇತರರ ಕೆಲಸವನ್ನು ನೋಡಿಕೊಳ್ಳುವುದು, ಹೀಗೆ ಮಾಡಿ ಎಂದು ಹೇಳುವುದು, ಅಪಾಯ ಕಂಡರೆ ನಿಲ್ಲಿಸುವುದು. ಮೊದಲಿನ ಎರಡನ್ನು ಗೋದಾಮಿನಲ್ಲಿ ಹಳಬನಾದ ಯಾರು ಬೇಕಾದರೂ ಮಾಡುತ್ತಾರೆ. ಮೂರನೆಯದಕ್ಕೆ ಅಧಿಕಾರ ಬೇಕು. ಕುಶಲ ನಿಲ್ಲಿಸಿ ಎಂದರೆ ಆ ಗೋದಾಮಿನಲ್ಲಿ ಏನು ನಿಲ್ಲುತ್ತಿತ್ತು? ನಲವತ್ತು ಪುಟಗಳ ವರದಿಯಲ್ಲಿ ಈ ಒಂದು ಪ್ರಶ್ನೆಯನ್ನು ತಾವು ಯಾರಿಗೂ ಕೇಳಿಲ್ಲ.

ನಾನೇ ಕೇಳಿದೆ. ಆ ದಿನ ಬೆಳಿಗ್ಗೆ ಮಾಲು ಸಾಗಿಸುವ ಲಿಫ್ಟಿನ ಗೇಟು ಸರಿಯಾಗಿ ಕೂರುತ್ತಿರಲಿಲ್ಲ. ಗೇಟು ಕೂರದಿದ್ದರೆ ಲಿಫ್ಟ್ ಕದಲಬಾರದು; ಆದರೆ ಕೆಲಸ ನಿಲ್ಲಬಾರದೆಂದು ಯಾರೋ ಸ್ವಿಚ್ಚಿಗೆ ತಂತಿ ಸುತ್ತಿದ್ದರು. ಅಲ್ಲಿಂದ ಮುಂದೆ ಗೇಟು ತೆರೆದಿದ್ದರೂ ಲಿಫ್ಟ್ ಓಡುತ್ತಿತ್ತು. ಅದನ್ನು ಬಂದ್ ಮಾಡುವ ಚಾವಿ ಇದ್ದದ್ದು ಫ್ಲೋರ್ ಮ್ಯಾನೇಜರರ ಕ್ಯಾಬಿನ್ನಿನಲ್ಲಿ. ಹನ್ನೊಂದು ಗಂಟೆಗೆ ಕುಶಲ ಅಲ್ಲಿಗೆ ಹೋಗಿ ಚಾವಿ ಕೇಳಿದ. ಅವರು ತಲೆಯೆತ್ತದೆ, “ಗಾಡಿ ಖಡೀ ಹೈ ನೀಚೇ. ತೂ ಸೂಪರ್‌ವೈಸರ್ ಹೈ ಕ್ಯಾ? ಜಾ, ಕಾಮ್ ಕರ್” ಎಂದರು; ಕೆಳಗೆ ಲಾರಿ ಕಾಯುತ್ತಿದೆ, ನಡಿ ಕೆಲಸಕ್ಕೆ ಎಂದು. ಬಾಗಿಲ ಬಳಿ ಪೆಟ್ಟಿಗೆಗಳಿಗೆ ಟೇಪ್ ಹಚ್ಚುತ್ತಿದ್ದ ಮಾಲಾ ಇದನ್ನು ಕಿವಿಯಾರೆ ಕೇಳಿದ್ದಾಳೆ. ತಾವು ಆಕೆಯನ್ನು ಕರೆಯಲೇ ಇಲ್ಲ.

ಮಧ್ಯಾಹ್ನ ಎರಡಕ್ಕೆ ಚೆನ್ನಯ ಬಟಾಣಿ ಪೆಟ್ಟಿಗೆಗಳ ಟ್ರಾಲಿ ಎಳೆದುಕೊಂಡು ಬಂದ. ಮುಂದಕ್ಕೆ ತಳ್ಳಿದರೆ ಮೇಲಿನ ಪೆಟ್ಟಿಗೆಗಳು ಜಾರಿ ಬೀಳುತ್ತವೆ, ಆದ್ದರಿಂದ ಅಲ್ಲಿ ಎಲ್ಲರೂ ಟ್ರಾಲಿಯನ್ನು ಹಿಮ್ಮುಖವಾಗಿ ನಡೆಯುತ್ತ ಲಿಫ್ಟಿನೊಳಗೆ ಎಳೆಯುತ್ತಾರೆ. ಗೇಟು ತೆರೆದೇ ಇತ್ತು. ಲಿಫ್ಟ್ ಮೇಲಿನ ಮಹಡಿಗೆ ಹೋಗಿಬಿಟ್ಟಿತ್ತು. ಅವನು ಹಿಂದೆ ಹೆಜ್ಜೆಯಿಟ್ಟ. ಮೂರು ಮಹಡಿಯ ಗುಂಡಿ, ಅವನ ಮೇಲೆ ಟ್ರಾಲಿ. ವರದಿಯಲ್ಲಿ ತಾವು ಇದನ್ನು ‘ಎಚ್ಚರಿಕೆಯ ಕೊರತೆ’ ಎಂದು ಕರೆದಿದ್ದೀರಿ.

ಹನ್ನೊಂದು ಗಂಟೆಗೆ ನೀನೇನು ಸೂಪರ್‌ವೈಸರೇ ಎಂದು ಗದರಿಸಿ ಅಟ್ಟಿದವನನ್ನು, ಅವನ ಹಳೆಯ ಬಯೋಡಾಟಾ ಹುಡುಕಿ ತೆಗೆದು, ಸಂಜೆಯೊಳಗೆ ಸೂಪರ್‌ವೈಸರ್ ಮಾಡಿದ ಗೋದಾಮಿನವರ ಚುರುಕುತನಕ್ಕೆ ಕೈಮುಗಿಯಬೇಕು. ಇಷ್ಟು ಬೇಗ ಬಡ್ತಿ ಸಿಕ್ಕವರನ್ನು ನಾನು ಕಂಡಿಲ್ಲ. ಚಾವಿ ಇಟ್ಟುಕೊಂಡಿದ್ದ ಮ್ಯಾನೇಜರರು ಮಾತ್ರ ತಮ್ಮ ವರದಿಯ ಪ್ರಕಾರ ‘ಕೋಆರ್ಡಿನೇಟ್’ ಮಾಡುತ್ತಿದ್ದರು. ಎಂಥ ಸುರಕ್ಷಿತ ಕ್ರಿಯಾಪದ! ಅದನ್ನು ಬರೆದುಕೊಟ್ಟ ಟೈಪಿಸ್ಟ್ ನನಗಿಂತ ಜಾಣನಿರಬೇಕು.

ಇನ್ನೊಂದು ಕಾಗದವಿದೆ, ಅದನ್ನು ಗೋದಾಮಿನವರು ತಮಗೆ ತೋರಿಸಿರಲಾರರು. ಎರಡು ವರ್ಷದ ಹಿಂದೆ ಕುಶಲ ಇದೇ ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸಕ್ಕೆ ಅರ್ಜಿ ಹಾಕಿದ್ದ. ಆ ಬಯೋಡಾಟಾ ಮಾಡಿದ್ದು ಅದಕ್ಕಾಗಿಯೇ. ಇಮೇಲ್ ಇಲ್ಲದ ಗಿರಾಕಿಗಳಿಗೆಲ್ಲ ನಾನು ನನ್ನ ಅಂಗಡಿಯದ್ದನ್ನೇ ಹಾಕುವುದು ರೂಢಿ, ಹಾಗಾಗಿ ಉತ್ತರ ನನಗೇ ಬಂದಿತ್ತು: ‘ತಮಗೆ ಸೂಪರ್‌ವೈಸ್ ಮಾಡಿದ ಅನುಭವ ಇಲ್ಲದ ಕಾರಣ ಪರಿಗಣಿಸಲಾಗದು.’ ಅದರ ಪ್ರಿಂಟನ್ನು ಮರಾಠಿ ಪತ್ರಕ್ಕೆ ಲಗತ್ತಿಸಿದ್ದೆ. ಕೆಲಸ ಕೊಡಬೇಕಾದಾಗ ಸುಳ್ಳಾದ ಪದ, ಹೆಣ ಬಿದ್ದಾಗ ಹೇಗೆ ನಿಜವಾಯಿತು ಎಂಬುದನ್ನು ತಾವು ದಯವಿಟ್ಟು ತಿಳಿಸಬೇಕು.

ಚೆನ್ನಯನ ಹೆಂಡತಿ ವಸಂತಿಯನ್ನು ಕಾಣಲು ದಿವಾಕ್ಕೆ ಹೋಗಿದ್ದೆ. ಕುಶಲನ ಮನೆಯೂ ಅದೇ ಚಾಳಿನಲ್ಲಿ, ನಾಲ್ಕು ಬಾಗಿಲು ಆಚೆ. ವಸಂತಿ ಕೂರಲೂ ಹೇಳಲಿಲ್ಲ. “ಅವ ಸೂಪರ್‌ವೈಸರ್ ಅಂತೆ ಅಲ್ವಾ? ಹನ್ನೆರಡು ವರ್ಷ ನಮ್ಮಲ್ಲಿ ಉಂಡವ, ಒಂದು ದಿನ ಹೇಳ್ಲಿಲ್ಲ. ಇವರನ್ನು ನೋಡಿಕೊಳ್ಳುದು ಅವನ ಕೆಲಸ ಅಂತ ಇತ್ತಲ್ಲ, ಮತ್ತೆಂತ ನೋಡಿದ್ದು ಅವ?” ಎಂದಳು. ಅದು ನಾನು ಬರೆದ ಸುಳ್ಳಮ್ಮ ಎಂದು ಹೇಳಿದೆ. “ಸರ್ಕಾರದವರು ಬರೆದದ್ದು ಕೂಡ ಸುಳ್ಳಾ?” ಎಂದು ಕೇಳಿದಳು. ಅದಕ್ಕೆ ಉತ್ತರ ಕೊಡಬೇಕಾದವರು ತಾವು.

ಅಲ್ಲಿಂದ ಕುಶಲನ ಮನೆಗೆ ಹೋದೆ. ಗುರುವಾರ ಈ ವರದಿಯ ಮೇಲೆ ತಮ್ಮ ಮುಂದೆ ಅವನ ಹೇಳಿಕೆ ಇದೆಯಲ್ಲ, ಅಲ್ಲಿ ಏನು ಹೇಳಬೇಕೆಂದು ತಿಳಿಸಲು ಹೋಗಿದ್ದೆ: “ಬಯೋಡಾಟಾ ಬರೆದದ್ದು ಟೈಪಿಂಗ್ ಅಂಗಡಿಯ ನಂಜುಂಡ ಮಾಷ್ಟ್ರು, ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ನಾನು ಚಾವಿ ಕೇಳಿದ್ದೆ, ಕೊಡಲಿಲ್ಲ” ಎನ್ನು ಎಂದೆ. ಅವನು ಗೋಡೆಗೆ ಒರಗಿ ಕೂತಿದ್ದ, ತುಂಬ ಇಳಿದುಹೋಗಿದ್ದ. ನನ್ನ ಮಾತನ್ನೆಲ್ಲ ಕೇಳಿ, “ಆದ್ರೆ ಮಾಷ್ಟ್ರೆ, ನಾನೇ ಅಲ್ವಾ ಹಳಬ? ಎಲ್ಲರೂ ನನ್ನನ್ನೇ ಕೇಳುದು. ಚಾವಿ ಕೊಡದಿದ್ರೆ ಗೇಟಿಗೆ ಅಡ್ಡ ನಿಲ್ಲಬಹುದಿತ್ತು” ಎಂದ.

“ನಿಂತಿದ್ದರೆ ನಿನ್ನನ್ನು ಅವತ್ತೇ ಮನೆಗೆ ಕಳಿಸುತ್ತಿದ್ದರು ಕಣೋ” ಎಂದೆ.

“ಕಳಿಸ್ಲಿ. ಚೆನ್ನಯಣ್ಣ ಇರ್ತಿದ್ದ ಅಲ್ವಾ? ನೀವು ಆಗ ಬರೆಯುವಾಗ ನಿಮಗೆ ಹಾಗೆ ಕಂಡಿರ್ಬೇಕು. ಓದಿದವರು ನೀವು, ಸುಮ್ಮನೆ ಬರೀತೀರಾ? ಅವರೂ ಓದಿದವರೇ. ಎಲ್ಲರೂ ನಾನೇ ಅಂತ ಹೇಳುವಾಗ ನಾನೇ ಇರ್ಬೇಕು.”

ಸುಮ್ಮನೆ ಬರೆದೆ ಕುಶಲ, ಸುಮ್ಮನೆಯೇ ಬರೆದೆ ಎಂದು ಅವನ ಕೈ ಹಿಡಿದು ಹೇಳಿದೆ. ಅವನು ನಂಬಲಿಲ್ಲ. ಮಾಷ್ಟ್ರು ತನ್ನನ್ನು ಉಳಿಸಲು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡು ನನ್ನನ್ನೇ ಸಮಾಧಾನ ಮಾಡಿದ. ನನಗೆ ಅಳು ಬಂತು, ಅತ್ತುಬಿಟ್ಟೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹನ್ನೊಂದನೇ ಕಂಡಿಕೆಯಿಂದ ಆ ಪದವನ್ನು ತೆಗೆಯಿರಿ. ಮಾಲಾಳನ್ನು ಕರೆದು ಕೇಳಿ. ಚಾವಿ ಯಾರ ಕ್ಯಾಬಿನ್ನಿನಲ್ಲಿತ್ತೋ ಅವರ ಹೆಸರಿನ ಮುಂದೆ ಸರಿಯಾದ ಕ್ರಿಯಾಪದ ಬರೆಯಿರಿ. ಸುಳ್ಳು ದಾಖಲೆ ಮಾಡಿದವರಿಗೆ ಶಿಕ್ಷೆ ಇದ್ದರೆ ನನಗೆ ಕೊಡಿ, ಅಂಗಡಿ ಬಾಗಿಲು ಹಾಕಿ ಬರುತ್ತೇನೆ. ಮತ್ತು ಗುರುವಾರ ಕುಶಲ ತಮ್ಮ ಮುಂದೆ ನಿಂತು, ಯಾರ ಒತ್ತಾಯವೂ ಇಲ್ಲದೆ, “ಹೌದು ಸಾಹೇಬ್ರೆ, ನಾನೇ” ಎನ್ನುತ್ತಾನೆ. ತಮ್ಮ ಕೆಲಸ ಅಲ್ಲಿಗೆ ಸುಲಭವಾಗುತ್ತದೆ. ದಯವಿಟ್ಟು ಅವನನ್ನು ನಂಬಬೇಡಿ.

ಇಂತಿ,
ಯಾರನ್ನೂ ಯಾವತ್ತೂ ಸೂಪರ್‌ವೈಸ್ ಮಾಡದ,
ಟೈಪಿಂಗ್ ಅಂಗಡಿಯ ನಂಜುಂಡ
ಡೊಂಬಿವಲಿ ಪೂರ್ವ